ಪೆಟ್ಟಿಗೆಯೊಳಗಿನ ಹಲ್ಲಿ

“ಈ ಸಲ ನನ್ನ ಮಗಳ ಬಸರು ನಿಲ್ತದ ನೋಡ್ರಿ,” ಎಂದು ಸುಭದ್ರಾಬಾಯಿ ಹೇಳುವುದಕ್ಕೂ ಗುರುರಾಜನ ಕೈಯಲ್ಲಿದ್ದ ಕಬ್ಬಿಣದ ಪೆಟ್ಟಿಗೆ ‘ಲೊಚ್ ಲೊಚ್’ ಅನ್ನುವುದಕ್ಕೂ ಸರಿಹೋಯಿತು. ಅವಳು ತಟ್ಟನೆ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ನೆಲ ಬಡಿದು, “ಶಿವ ಶಿವ, ಹಲ್ಲಿ ನುಡೀತು. ಇನ್ನ ಖರೇನ ಆಗ್ತದ,” ಎಂದಳು.

“ಹಲ್ಲಿ ಅಲ್ರಿ ಯವ್ವಾ, ಇದು ಮಶೀನು,” ಎಂದ ಗುರುರಾಜ. ಅವನು ಜೇವರ್ಗಿ ಕಡೆಯ ಊರುಗಳ ಬೋರಿನ ನೀರು ಪರೀಕ್ಷೆ ಮಾಡಲು ಬಂದವನು. ಕೈಪಂಪಿನ ಹತ್ತಿರ ಪೆಟ್ಟಿಗೆ ಹಿಡಿದಾಗಿನಿಂದ ಅವನ ಮುಖ ಸಪ್ಪಗಾಗಿತ್ತು. ಈ ನೀರನ್ನು ಮನೆಯಲ್ಲಿ ಕುದಿಸಿಟ್ಟವರು ಯಾರಾದರೂ ಇದ್ದಾರೇನು ಎಂದು ಕೇಳಿದ್ದಕ್ಕೆ ಸುಭದ್ರಾಬಾಯಿಯೇ ಹೆಮ್ಮೆಯಿಂದ ತನ್ನ ಮನೆಗೆ ಕರೆತಂದಿದ್ದಳು.

ಆ ಬೋರು ನೀರಿಗೆಂದು ಕೊರೆದದ್ದಲ್ಲ. ನೆಲದಾಳದ ಕಲ್ಲು ನೋಡಲು ಯಾರೋ ಬಂದರು, ಉದ್ದುದ್ದ ಕಲ್ಲಿನ ತುಂಡುಗಳನ್ನು ಜೀಪಿಗೆ ಹಾಕಿಕೊಂಡು ಹೋದರು, ತೂತು ಮಾತ್ರ ಇಲ್ಲೇ ಬಿಟ್ಟರು. ತೂತಿನಲ್ಲಿ ನೀರು ಕಂಡ ಊರವರು ಪುಕ್ಕಟೆ ಬೋರು ಸಿಕ್ಕಿತೆಂದು ಪಂಪು ಕೂರಿಸಿ, ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಹಳೇ ಬಾವಿಯದು ಸವಳು ನೀರು, ಇದು ಸಿಹಿ. ಗಂಡನ ಮನೆಯಲ್ಲಿ ಮಗಳು ಗಂಗಾಬಾಯಿಗೆ ಎರಡು ಸಲ ಬಸಿರು ಇಳಿದ ಮೇಲೆ ಸುಭದ್ರಾಬಾಯಿ ಸುಮ್ಮನೆ ಕೂಡುವ ಹೆಂಗಸೇ ಅಲ್ಲ. ಬೀಗರ ಊರು ನರೋಣಾಕ್ಕೆ ಹೋಗಿ, ಅವರ ಮನೆಯ ನೀರನ್ನೇ ದೂರಿ, ಜಗಳ ತೆಗೆದು, ಈ ಸಲ ಬಸಿರಾದ ಮೂರು ತಿಂಗಳಿಗೇ ಮಗಳನ್ನು ಎಬ್ಬಿಸಿಕೊಂಡು ಬಂದಿದ್ದಳು. ಅಂದಿನಿಂದ ಮಗಳಿಗೆ ಇದೇ ನೀರು, ತಾಮ್ರದ ಹಂಡೆಯಲ್ಲಿ ಕುದಿಸಿ ಆರಿಸಿದ್ದು. ಮೊನ್ನೆ ಸೀಮಂತದ ಕುಬಸವೂ ಆಯಿತು.

“ನಮ್ಮ ಮನ್ಯಾಗ ಹಲ್ಲಿ ನುಡೀದ ಭಾಳ ದಿನಾ ಆಗಿತ್ರಿ ಸಾಹೇಬ್ರ,” ಎಂದು ಅವಳು ತೊಲೆಯ ಕಡೆ ನೋಡಿದಳು. “ಅಲ್ಲೇ ಇರ್ತಾವ, ಒಂದ ಮಾತೂ ಆಡಂಗಿಲ್ಲ. ಮಗಳ ಬಗ್ಗಿ ಕೇಳಿ ಕೇಳಿ ಸೋತಿದ್ನಿ. ಇವತ್ತ ನೀವು ಬಂದ್ರಿ, ನುಡೀತು.”

ಆ ಮುಖದ ಬೆಳಕು ನೋಡಿ ಗುರುರಾಜನಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಆದರೂ ಹೇಳಿದ. “ಯವ್ವಾ, ಈ ನೀರು ಕುಡೀಬ್ಯಾಡ್ರಿ. ಕೆಳಗಿನ ಕಲ್ಲಿನ್ಯಾಗ ಒಂದು ವಿಷ ಅದ, ನೀರಿಗಿ ಇಳದದ. ವಿಕಿರಣ ಅಂತಾರ. ವಾಸನಿ ಇಲ್ಲ, ರುಚಿ ಇಲ್ಲ, ಕುದಿಸಿದ್ರೂ ಹೋಗಂಗಿಲ್ಲ. ಅದು ಇದ್ದಲ್ಲಿ ಈ ಮಶೀನು ಸದ್ದು ಮಾಡ್ತದ.”

ಪೆಟ್ಟಿಗೆ ಲೊಚ್ಚೆಂದಿತು. ಅಭ್ಯಾಸಬಲದಿಂದ ನೆಲಕ್ಕೆ ಹೊರಟಿದ್ದ ಬೆರಳನ್ನು ಸುಭದ್ರಾಬಾಯಿ ಎಳೆದುಕೊಂಡಳು. “ಇದಕ್ಕೂ ಹೌದ ಅಂತದಲ್ರಿ,” ಎಂದಳು. ದನಿಯಲ್ಲಿ ಸಿಟ್ಟಿತ್ತು.

“ಅದಕ್ಕ ಅಲ್ಲ ಅನ್ನಾಕ ಬರಂಗಿಲ್ರಿ,” ಎಂದು ಗುರುರಾಜ ಪೆಟ್ಟಿಗೆಯನ್ನು ಹಂಡೆಯ ಹತ್ತಿರ ಒಯ್ದ. ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಅದು ಒಂದೇ ಸಮನೆ ಸಿಡಿಯತೊಡಗಿತು. ಹಂಡೆಯ ಒಳಮೈಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಹಕ್ಕಳೆ ಕಟ್ಟಿತ್ತು. ನಡುನಡುವೆ ಯಾರೋ ಉಗುರಿನಿಂದ ಕೆರೆದು ಎಬ್ಬಿಸಿದ ಗುರುತುಗಳಿದ್ದವು. ಅಲ್ಲಿ ತಾಮ್ರ ಹಸಿ ಗಾಯದಷ್ಟು ಕೆಂಪಗೆ ಕಾಣುತ್ತಿತ್ತು.

“ಇದನ್ನ ಯಾರು ಕೆರದಾರ್ರಿ?”

“ಯಾರ ಕೆರೀತಾರ್ರಿ? ಹುಣಸಿಹಣ್ಣು ಹಚ್ಚಿ ತಿಕ್ಕಿದ್ರೂ ಬಿಡಂಗಿಲ್ಲ ಅದು,” ಎಂದಳು ಸುಭದ್ರಾಬಾಯಿ. ಬಗ್ಗಿ ನೋಡಿ ಆ ಗುರುತುಗಳ ಮೇಲೆ ಬೆರಳಾಡಿಸಿದಳು.

ಗುರುರಾಜ ಪೆಟ್ಟಿಗೆ ಎತ್ತಿಕೊಂಡು ಬಾಗಿಲಿಗೆ ಬಂದ. ಸದ್ದು ಇಳಿಯುತ್ತಾ ಬಂದು ಆಗೊಮ್ಮೆ ಈಗೊಮ್ಮೆ ಅನ್ನುವಷ್ಟಾಯಿತು. ಹೊರಗೆ ಮಧ್ಯಾಹ್ನದ ಬಿಸಿಲು. ಓಣಿಯಲ್ಲಿ ನಾಯಿಯೂ ಬೊಗಳುತ್ತಿರಲಿಲ್ಲ. ಮಾತು ಕೇಳಿ ಎಚ್ಚರಾದ ಗಂಗಾಬಾಯಿ ಪಡಸಾಲೆಯಿಂದ ಎದ್ದು ಬಂದು, ತುಂಬಿದ ಹೊಟ್ಟೆಯ ಮೇಲೆ ಸೆರಗೆಳೆದುಕೊಂಡು ಅದೇ ಬಾಗಿಲಿಗೆ ಒರಗಿ ನಿಂತಳು. ಕೈತುಂಬ ಕುಬಸದ ಹಸಿರು ಬಳೆ.

ಪೆಟ್ಟಿಗೆ ಮತ್ತೆ ಲೊಚಗುಟ್ಟತೊಡಗಿತು.

ಈ ಸಲ ಯಾರೂ ಏನೂ ಆಡಿರಲಿಲ್ಲ. ಆಡದ ಯಾವ ಮಾತಿಗೆ ಇದು ಹೌದೆನ್ನುತ್ತಿದೆ ಎಂದು ಸುಭದ್ರಾಬಾಯಿ ಕಂಗಾಲಾಗಿ ಅವನ ಮುಖ ನೋಡಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ, ಸದ್ದು ಕಡಿಮೆಯಾಯಿತು. ಮುಂದೆ ಬಂದ, ಹೆಚ್ಚಾಯಿತು. ಅವನ ಕಣ್ಣು ಗಂಗಾಬಾಯಿಯ ಸೊಂಟದ ಹತ್ತಿರ, ಸೆರಗಿನ ತುದಿಯ ಗಂಟಿನ ಮೇಲೆ ನಿಂತಿತು.

“ಸೆರಗಿನ್ಯಾಗ ಏನ ಕಟ್ಟಿದಿ ಗಂಗೂ?” ಎಂದಳು ತಾಯಿ.

“ಏನಿಲ್ಲಬೇ.”

ಸುಭದ್ರಾಬಾಯಿ ಹತ್ತಿರ ಬಂದು ತಾನೇ ಗಂಟು ಬಿಚ್ಚಿದಳು. ಒಳಗೆ ಒಂದು ಹಿಡಿ ಬಿಳಿ ಹಕ್ಕಳೆ ಚೂರುಗಳು. ಕೆಲವುಗಳ ಮೇಲೆ ಹಲ್ಲಿನ ಗುರುತು. ಮಗಳ ತುಟಿಯ ಅಂಚಿನಲ್ಲೂ ಅದೇ ಬಿಳಿ ಪುಡಿ.

ಗಂಗಾಬಾಯಿ ನಾಚಿ ತಲೆ ತಗ್ಗಿಸಿದಳು. “ಬಾಯಿ ಬೇಡತದಬೇ, ಏನ ಮಾಡ್ಲಿ? ಮಣ್ಣು ತಿಂದ್ರ ನೀ ಬೈತಿ. ಇದು ನಮ್ಮ ಬೋರಿನ ನೀರಿಂದ ಅಲ್ಲ? ಇದನ್ನ ತಿಂದ್ರ ಕೂಸಿಗಿ ಏನೂ ಆಗಂಗಿಲ್ಲ, ಹೌದಿಲ್ಲೋ?”

ಲೊಚ್ ಲೊಚ್ ಲೊಚ್ ಎಂದಿತು ಪೆಟ್ಟಿಗೆ.

ಸುಭದ್ರಾಬಾಯಿಯ ಬೆರಳು ನೆಲ ಮುಟ್ಟಲಿಲ್ಲ.