ತಾತನ ಮುದ್ದೆಯೊಳಗಿನ ಉಪ್ಪು

ಕಲ್ಲುಪ್ಪಿನ ಭರಣಿಯಲ್ಲಿ ಬೆರಳು ತೇವವಾದಾಗಲೆಲ್ಲ ಉರಿಗಾಂನ ಆ ಮಧ್ಯಾಹ್ನ ನೆನಪಾಗುತ್ತದೆ.

ತಾತ ಅಲ್ಲಿನ ಚಿನ್ನದ ಗಣಿಯ ಆಳದಲ್ಲಿ ದುಡಿದವನು. ಬಿಪಿ ಏರಿದೆ, ಉಪ್ಪು ಬಿಡಿ ಎಂದು ಡಾಕ್ಟರು ಹೇಳಿದ ಮೇಲೆ ಅಜ್ಜಿ ಅವನಿಗೆ ಸಪ್ಪೆ ಸಾರನ್ನೇ ಬಡಿಸುತ್ತಿದ್ದಳು.

“ಗಣಿ ಡಾಕ್ಟ್ರು ‘ಬೆವರ್ತೀಯ, ಉಪ್ಪುನೀರು ಕುಡಿ, ಇಲ್ದಿದ್ರೆ ಬಿದ್ದೋಗ್ತೀಯ’ ಅಂತಿದ್ರು. ಈವಯ್ಯ ಮುಟ್ಲೇಬೇಡ ಅಂತಾನೆ. ಯಾರ್ ಮಾತು ಕೇಳಾನ ಏಳಮ್ಮಿ?” ಎಂದು ತಾತ ನನ್ನನ್ನು ಕೇಳುತ್ತಿದ್ದ.

“ಅವಾಗ ಬೆವರ್ತಿದ್ರಿ. ಈಗ ಕುಂತ್ಕಂಡು ಬೀಡಿ ಸೇದ್ತೀರ, ಬೆವರೋಳು ನಾನು,” ಅನ್ನುತ್ತಿದ್ದಳು ಅಜ್ಜಿ.

ಉಪ್ಪಿಲ್ಲದೆ ತಾತ ಬಿದ್ದುಹೋಗುತ್ತಾನೆಂದು ನನಗೆ ಭಯ. ಅಜ್ಜಿ ನಲ್ಲಿಗೆ ಹೋದಾಗ ಅವನ ಬಿಸಿ ಮುದ್ದೆಯಲ್ಲಿ ಗುಳಿ ಮಾಡಿ, ಕಲ್ಲುಪ್ಪು ತುಂಬಿ ಮುಚ್ಚುತ್ತಿದ್ದೆ. ತಾತ ಅದನ್ನು ಸಾರಿಗೆ ಅದ್ದಿ, ತುತ್ತು ಬಿಡದೆ ಉಣ್ಣುತ್ತಿದ್ದ. ಹೀಗೆ ಎಷ್ಟೋ ದಿನ ನಡೆಯಿತು.

ಆ ಮಧ್ಯಾಹ್ನ ಅರ್ಧ ಮುದ್ದೆ ಮುಗಿಸಿದವನು ಹಾಗೆಯೇ ಪಕ್ಕಕ್ಕೆ ವಾಲಿದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ನೆರೆಯವರು ಅವನನ್ನು ಆಟೋಗೆ ಹೊತ್ತೊಯ್ದರು.

“ಒಂದು ಕಲ್ಲು ಉಪ್ಪೂ ಆಕಿಲ್ಲ ಕಣ್ರಪ್ಪಾ!” ಎಂದು ಅಜ್ಜಿ ಎದೆ ಬಡಿದುಕೊಳ್ಳುತ್ತ ಅವರ ಹಿಂದೆ ಓಡಿದಳು.

ನಾನು ಉಳಿದ ಅರ್ಧ ಮುದ್ದೆಯನ್ನು ನುಂಗಿ, ತಟ್ಟೆ ತೊಳೆದಿಟ್ಟೆ.