ಹರಿವೆಯ ಮೊದಲ ಕೊಯ್ಲು

ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಕೆಂಪು ಹರಿವೆಯ ವಾಸನೆ ಯಾರ ಮನೆಯಿಂದ ಬಂದರೂ, ಅದು ಅಮ್ಮ ಮಾಡಿದ್ದಲ್ಲ ಎಂದು ಗೊತ್ತಿದ್ದೂ, ಇವತ್ತಿಗೂ ಒಂದು ಕ್ಷಣ ನಿಂತುಬಿಡುತ್ತೇನೆ.

ಹೆಬಳೆ ಊರಿನ ನಮ್ಮ ಗದ್ದೆ ಭತ್ತ ಕೊಯ್ದ ಮೇಲೆ ಮಳೆಗಾಲದವರೆಗೆ ಒಣಗಿ ಬಿದ್ದಿರುತ್ತಿತ್ತು. ಬೇಸಿಗೆಯ ಊಟವೆಂದರೆ ಗಂಜಿ, ಒಣಮೀನು, ಉಪ್ಪಿನಕಾಯಿ. ಆ ವರ್ಷ ಅಪ್ಪ ಹಳ್ಳಕ್ಕೆ ಸಣ್ಣದೊಂದು ಪಂಪು ಇಟ್ಟರು. ಪೈಪಿನ ನೀರನ್ನು ಬಿರಿದ ಮಣ್ಣು ಸದ್ದು ಮಾಡುತ್ತಾ ಕುಡಿಯಿತು. ಅಮ್ಮ ಹರಿವೆ ಬೀಜ ಚೆಲ್ಲಿದಳು.

ಮೊದಲ ಕೊಯ್ಲಿನ ಮಧ್ಯಾಹ್ನ ಅಮ್ಮ ಜಗಲಿಯಲ್ಲಿ ಕೂತು ಬಾಳೆನಾರಿನಿಂದ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಲೆಗಳಿಗೆ ನೀರು ಚಿಮುಕಿಸುತ್ತಿದ್ದೆ.

"ನಮ್ಗೊಂದು ಕಟ್ಟು ಇಡೂದಿಲ್ವಾ ಅಮ್ಮ?"

"ಎಲ್ಲ ಭಟ್ಕಳ ಪೇಟೆಗೆ. ಶಾಲೆಗೆ ಹೋಗೂಕೆ ನಿಂಗೆ ಚಪ್ಲಿ ಬ್ಯಾಡ್ವಾ?"

ನಾನು ಮತ್ತೆ ನೀರು ಚಿಮುಕಿಸತೊಡಗಿದೆ. ಒಳಗಿನಿಂದ ಬಂದ ಅಜ್ಜಿ ಬುಟ್ಟಿಯಲ್ಲಿದ್ದ ದೊಡ್ಡ ಕಟ್ಟನ್ನೇ ಎತ್ತಿಕೊಂಡಳು. "ಬೇಸಿಗೇಲಿ ಈ ಹುಡ್ಗಿ ಹಸಿ ಸೊಪ್ಪು ಕಂಡದ್ದೇ ಇಲ್ಲ. ಚಪ್ಲಿ ಮುಂದಿನ ಕೊಯ್ಲಿಗೆ ತಂದ್ರೆ ಆತು," ಅಂದಳು.

ಕಟ್ಟನ್ನು ಹಿಂದಕ್ಕೆ ತೆಗೆದುಕೊಳ್ಳಲು ಅಮ್ಮ ಕೈ ಚಾಚಿದಳು. ನನ್ನ ಮುಖ ನೋಡಿ ಆ ಕೈಯನ್ನು ಮಡಿಲಿಗೆ ತಂದುಕೊಂಡಳು. "ಆತು ಅತ್ತೆ," ಅಂದಳು.

ಆ ರಾತ್ರಿ ಅಮ್ಮ ಬೇಯಿಸಿದ ಹರಿವೆಯ ರಸಕ್ಕೆ ನನ್ನ ಬಟ್ಟಲಿನ ಗಂಜಿಯೆಲ್ಲ ಕೆಂಪಾಯಿತು. ಅಪ್ಪ ಉಂಡೆದ್ದರು. ಎಲ್ಲರದಾದ ಮೇಲೆ ಅಮ್ಮ ಗೋಡೆಗೊರಗಿ ಕೂತು ನಿಧಾನವಾಗಿ ಉಂಡಳು. ಪಾತ್ರೆ ಬಗ್ಗಿಸಿ ನೋಡಿ, ಇನ್ನೊಮ್ಮೆ ಬಡಿಸಿಕೊಂಡಳು.

ಅಮ್ಮ ಎರಡನೇ ಸಲ ಬಡಿಸಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.