ಕಾಯ್ದೆಶೀರ ಹೆಂಡತಿ

ಕೇಶರಬಾಯಿ ತನ್ನ ಹೆಂಡತಿಯೇ ಅಲ್ಲ ಎಂದು ಮಚ್ಛೇಂದ್ರ ಹೇಳಿದಾಗ ವಕೀಲ ರಶೀದ ಅಹ್ಮದರು ಬಾಯಿಗೆ ಒಯ್ದಿದ್ದ ಚಹದ ಬಸಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಹದಿನೆಂಟು ವರ್ಷ ಸಂಸಾರ ಮಾಡೀರಿ. ಈಗ ಅಲ್ಲ ಅಂದ್ರ ಹ್ಯಾಂಗ್ರಿ?"

"ಅದಕ್ಕಿಂತ ಮೊದಲು ನನಗ ಇನ್ನೊಂದು ಲಗ್ನ ಆಗಿತ್ರಿ. ಸಂತಪುರದ ದಾನಮ್ಮ ಅಂತ. ಆಕಿಗಿ ಲಗ್ನ ಮುರಿದು ಸೋಡಚಿಟ್ಟಿ ಕೊಟ್ಟೇ ಇಲ್ಲ. ಮೊದಲಿನಾಕಿ ಇರುವಾಗ ಎರಡನೇದ್ದು ಕಾಯ್ದೆದಾಗ ನಡೀತದೇನ್ರಿ?"

"ನಡಿಯಂಗಿಲ್ಲ."

"ಮತ್ತ? ಲಗ್ನನೇ ಅಲ್ಲ ಅಂದ ಮ್ಯಾಲ ಪಾಲು ಯಾವುದರದು?"

ಕೊಳಾರದಲ್ಲಿ ಬೇಳೆಯ ಗೋದಾಮು, ಮೈಲೂರಿನಲ್ಲಿ ಎರಡಂತಸ್ತಿನ ಮನೆ, ಬೀದರಿನ ಮುಕ್ಕಾಲು ಮಂದಿಗಿಂತ ತಾನು ಚುರುಕು ಎಂಬ ನಂಬಿಕೆ. ಮಚ್ಛೇಂದ್ರನ ಆಸ್ತಿ ಇಷ್ಟು. ಮೂರನೆಯದರಲ್ಲಿ ಯಾರೂ ಪಾಲು ಕೇಳಿರಲಿಲ್ಲ. ಮೊದಲಿನ ಎರಡರಲ್ಲಿ ಅರ್ಧ ಬೇಕೆಂದು, ಜೊತೆಗೆ ವಿಚ್ಛೇದನವೂ ಬೇಕೆಂದು ಕೇಶರಬಾಯಿ ಕೋರ್ಟಿಗೆ ಹೋಗಿದ್ದಳು. ಗೋದಾಮಿನ ಗೋಡೆ ಎದ್ದದ್ದೇ ಆಕೆಯ ತವರಿನ ಬಂಗಾರ ಕರಗಿಸಿ. ಆದರೂ ಬಂದವರೆದುರು "ಇದು ನನ್ನ ಮನಿ, ಬ್ಯಾಡಾದ್ರ ಹೋಗು" ಎನ್ನುವುದು ಅವನಿಗೆ ರೂಢಿಯಾಗಿತ್ತು. ಒಂದು ದಿನ ಆಕೆ ನಿಜವಾಗಿ ಹೋದಳು.

ಮೊದಲು ಹಿರಿಯ ಮಡೆಪ್ಪನವರು ನಡುವೆ ಕುಳಿತು ಪಾಲು ಮಾಡಲು ನೋಡಿದ್ದರು. ಕುಕ್ಕರ್ ಆಕೆಗೆ, ಅದರ ಮುಚ್ಚಳ ಇವನಿಗೆ ಎನ್ನುವಲ್ಲಿಗೆ ಮಾತು ಬಂದಾಗ ರುಮಾಲು ಕೊಡವಿ ಎದ್ದು ಹೋದರು.

"ಗೆಲ್ತೀರಿ," ಎಂದರು ರಶೀದ ಅಹ್ಮದರು. "ಗೆದ್ದ ಮ್ಯಾಲ ಏನಾಗ್ತದ, ಅದೂ ವಿಚಾರ ಮಾಡ್ರಿ."

"ಗೆದ್ದ ಮ್ಯಾಲ ಪೇಢಾ ಹಂಚ್ತೇನ್ರಿ."

ದಾನಮ್ಮ ಬದುಕಿದ್ದಾಳೆ ಎಂದು ತೋರಿಸಬೇಕಿತ್ತು. ಮಚ್ಛೇಂದ್ರ ಸಂತಪುರಕ್ಕೆ ಕಾರು ಬಿಟ್ಟ. ಲಗ್ನವಾಗಿ ಆರು ತಿಂಗಳಿಗೆ, ರೊಟ್ಟಿ ದಪ್ಪ ಬಡಿಯುತ್ತಾಳೆಂದು ಆಕೆಯನ್ನು ತವರಿಗೆ ಕಳಿಸಿದವನು ಮತ್ತೆ ಅತ್ತ ತಲೆ ಹಾಕಿರಲಿಲ್ಲ. ದಾನಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಅವನನ್ನು ನೋಡಿ ಬೆಚ್ಚಲಿಲ್ಲ. ಕುಡಿಯಲು ನೀರು ಕೊಟ್ಟಳು.

"ನೀ ನನ್ನ ಹೇಣ್ತಿ ಅಂತ ಕೋರ್ಟಿಗಿ ಬಂದು ಹೇಳಬೇಕು ದಾನಮ್ಮ."

"ನಾ ಹೇಳಿದ್ರ ಯಾರು ಕೇಳ್ತಾರ್ರಿ? ನೀವು ಹೇಳ್ತೀರೇನು?"

"ಹತ್ತು ಮಂದಿ ಮುಂದ ಹೇಳ್ತೇನಿ."

"ಹತ್ತು ಮಂದಿ ಯಾಕ್ರಿ? ಜಡ್ಜ್ ಸಾಹೇಬರ ಮುಂದ ಹೇಳ್ರಿ, ಸಾಕು."

ಬೈಗುಳವಿಲ್ಲ, ಅಳುವಿಲ್ಲ. ಎಂಥ ಬಡಪಾಯಿ ಹೆಣ್ಣು ಎಂದು ಮಚ್ಛೇಂದ್ರನ ಮನಸ್ಸು ತುಂಬಿ ಬಂತು. ಬೀದರಿಗೆ ಬಂದು ಒಂದು ಸೀರೆ ಕೊಂಡು, ಅದನ್ನು ಆಕೆಗೆ ಕಳಿಸಿಕೊಟ್ಟ.

ಕೋರ್ಟಿನಲ್ಲಿ ದಾನಮ್ಮ ಅದೇ ಸೀರೆ ಉಟ್ಟು ಬಂದು, ಕೇಳಿದಷ್ಟಕ್ಕೆ ಉತ್ತರ ಹೇಳಿ ಕುಳಿತಳು. ನಂತರ ಮಚ್ಛೇಂದ್ರ ಪ್ರಮಾಣ ಮಾಡಿ, ಲಗ್ನದ ಮಂಟಪದಿಂದ ಹಿಡಿದು ಊಟದ ಹುಗ್ಗಿಯವರೆಗೆ ಎಲ್ಲ ಬಣ್ಣಿಸಿದ. ಕೇಶರಬಾಯಿಯ ವಕೀಲೆ ತಹಮೀನಾ ಅವನನ್ನು ಕೇಳಿದ್ದು ಒಂದೇ ಮಾತು.

"ದಾನಮ್ಮ ನಿಮ್ಮ ಕಾಯ್ದೆಶೀರ ಹೆಂಡತಿ, ಇವತ್ತಿಗೂ. ಹೌದಲ್ಲ?"

"ಹೌದು."

"ಸ್ವಲ್ಪ ಜೋರಾಗಿ ಹೇಳ್ರಿ."

"ಹೌದ್ರಿ. ಇವತ್ತಿಗೂ."

ಹೇಳುವಾಗ ಕಣ್ಣು ಕೇಶರಬಾಯಿಯತ್ತ ಹೋಯಿತು. ಅವನು ಕಾಮಾಲೆಯಾಗಿ ಮಲಗಿದ್ದಾಗ ಎತ್ತಿ ಕೂಡಿಸಿ ಗಂಜಿ ಕುಡಿಸಿದವಳು. ಒಂದು ಗಳಿಗೆ ಅವನು ತಲೆ ತಗ್ಗಿಸಿದ. ಆಮೇಲೆ ಮೈಲೂರಿನ ಮನೆ ನೆನಪಾಗಿ ತಲೆ ಮತ್ತೆ ಮೇಲೆದ್ದಿತು. ಕೇಶರಬಾಯಿ ಮಾತ್ರ ಸೆರಗಿನ ದಾರ ಬಿಡಿಸುತ್ತ ಕುಳಿತಿದ್ದಳು.

ತೀರ್ಪಿನ ದಿನ ಎರಡನೆಯ ಲಗ್ನ ಊರ್ಜಿತವಲ್ಲ ಎಂದಾಯಿತು. ಪಾಲಿನ ಮಾತು ತಾವೇ ಬಿಟ್ಟೆವು ಎಂದರು ತಹಮೀನಾ. ಇಷ್ಟು ಸಲೀಸಾಗಿ ಗೆದ್ದದ್ದಕ್ಕೆ ಮಚ್ಛೇಂದ್ರನಿಗೆ ತುಸು ನಿರಾಸೆಯೇ ಆಯಿತು. ರಶೀದ ಅಹ್ಮದರು ನಗಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ದಾನಮ್ಮ ದೊಡ್ಡ ಗಂಟು ಇಟ್ಟುಕೊಂಡು ನಿಂತಿದ್ದಳು.

"ನಮ್ಮ ಕಡಿ ಬಸ್ ಹೋಯ್ತಂತ್ರಿ."

ಗೆದ್ದವನಿಗೆ ಉದಾರತನ ಸುಲಭ. ಮಚ್ಛೇಂದ್ರ ಕಿಸೆಯಿಂದ ಕೀಲಿ ತೆಗೆದ. "ನಾ ಭಾಲ್ಕಿಗಿ ಹೋಗ್ತೇನಿ. ನೀ ಇವತ್ತು ಮೈಲೂರದಾಗಿನ ಮನ್ಯಾಗ ಇರು. ಮುಂಜಾನಿ ಬಾಜೂ ಮನ್ಯಾಗ ಕೀಲಿ ಕೊಟ್ಟು ಬಸ್ ಹಿಡಿ."

ಭಾಲ್ಕಿಯಲ್ಲಿ ತಮ್ಮ ಓಂಪ್ರಕಾಶನ ಮನೆಯಲ್ಲಿ ಪೇಢಾ ಹಂಚಿ, ಬಂದವರಿಗೆಲ್ಲ ಕಾಯ್ದೆ ತಿಳಿಸಿ ಹೇಳಿದ. ಕಾಯ್ದೆ ಕತ್ತಿ ಇದ್ದಂತೆ, ಹಿಡಿಯಲು ಬರಬೇಕು ಎಂದ. ಮರುದಿನ ಮಧ್ಯಾಹ್ನ ಮೈಲೂರಿಗೆ ಬಂದರೆ ಬಾಗಿಲು ತೆರೆದಿತ್ತು. ದಾನಮ್ಮ ಹೊಸ್ತಿಲ ಮೇಲೆ ನಿಂತಿದ್ದಳು.

"ಬಸ್ ಸಿಗಲಿಲ್ಲೇನು?"

"ಗಂಡನ ಮನಿ ಬಿಟ್ಟು ಎಲ್ಲಿಗಿ ಹೋಗ್ಲಿರಿ? ಪ್ರಮಾಣ ಮಾಡಿ ನೀವ ಹೇಳೀರಿ. ನನ್ನ ಹೊರಗ ಹಾಕಬಾರದು ಅಂತ ಮುಂಜಾನಿನೇ ಕೋರ್ಟಿಗಿ ಅರ್ಜಿ ಕೊಟ್ಟೇನಿ. ತಿಂಗಳಾ ಹೊಟ್ಟಿಬಟ್ಟಿಗಿ ಕೊಡೋ ಪೋಟಗಿಂದು ಬ್ಯಾರೆ. ನೀವು ಗೋದಾಮು ಮಾರಬಾರದು ಅಂತ ಇನ್ನೊಂದು. ತಹಮೀನಾ ಬಾಯಿ ಬರದು ಕೊಟ್ರು."

"ಆಕಿ ಕೇಶರಬಾಯಿ ವಕೀಲಲ್ಲೇನು?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹದಿನೆಂಟು ವರ್ಷ ಮಚ್ಛೇಂದ್ರ ಕೇಳಿದ ದನಿಯೊಂದು ಒಳಗಿನಿಂದ ಕೇಳಿತು: "ಅಕ್ಕಾ, ಯಾರು ಬಂದಾರ?"

"ನನ್ನ ಗಂಡ ಬಂದಾರವಾ," ಎಂದಳು ದಾನಮ್ಮ. "ನಿನಗೇನೂ ಆಗಬೇಕಾದವರಲ್ಲ."